ಫೋನು ಬಿಟ್ಟಿಲ್ಲ, ಫೇಸ್‌ಬುಕ್ ಬಿಟ್ಟೆ

(ನಮ್ಮ ಬಳಗದ ರಾಜ್ಯೋತ್ಸವ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ)



ಹೋದ ವರ್ಷ ಇದೇ ಕಾರ್ಯಕ್ರಮದಲ್ಲಿ ನಾನು ಕ್ಯಾಂಪ್ ರೂಮಿನ ವೈರಿಂಗ್ ಬಗ್ಗೆ ಮಾತಾಡಿದ್ದೆ. ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಆರು ಚಾರ್ಜರು, ರೈಸ್ ಕುಕ್ಕರು, ಇಸ್ತ್ರಿಪೆಟ್ಟಿಗೆ ಎಲ್ಲ ಸಿಕ್ಕಿಸಬೇಡಿ ಅಂದಿದ್ದೆ. ಎಷ್ಟು ಜನ ಕೇಳಿದರೋ ಗೊತ್ತಿಲ್ಲ, ನನ್ನ ರೂಮಿನವರಂತೂ ಕೇಳಲಿಲ್ಲ. ಈ ಸಲ ಕಾರ್ಯದರ್ಶಿಗಳು ಫೋನ್ ಮಾಡಿ, "ಕರೆಂಟಿನ ಬಗ್ಗೆಯೇ ಇನ್ನೊಂದು ಸ್ವಲ್ಪ ಹೇಳಿ" ಅಂದರು. ನಾನು, "ಈ ಸಲ ಚಾರ್ಜರಿನ ಆ ಕಡೆ ತುದಿಯಲ್ಲಿ ಇರೋದರ ಬಗ್ಗೆ ಹೇಳ್ತೀನಿ ಸರ್" ಅಂದೆ. ಅವರು ಒಪ್ಪಿದರು.

ಮೊದಲೇ ಹೇಳಿಬಿಡುತ್ತೇನೆ, ನಾನು ಫೋನಿನ ವಿರೋಧಿ ಅಲ್ಲ. ನಮ್ಮಂಥವರು ಫೋನು ಬೇಡ ಅನ್ನುವುದಕ್ಕೆ ಆಗುವುದಿಲ್ಲ. ನಾನು ಸರ್ಕಾರಿ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ, ಹಾವೇರಿ ಜಿಲ್ಲೆಯಿಂದ ದುಬೈಗೆ ಬಂದದ್ದು 2013ರಲ್ಲಿ. ಆಗ ಊರಿಗೆ ಮಾತಾಡಬೇಕಂದರೆ ಕಾಲಿಂಗ್ ಕಾರ್ಡು ತಂದು, ಬೆಳ್ಳಿ ಬಣ್ಣ ಗೀರಿ, ನಂಬರು ಒತ್ತಬೇಕಿತ್ತು. ಅವ್ವ "ಊಟ ಆತೇನಪಾ?" ಅನ್ನುವಷ್ಟರಲ್ಲಿ ಅರ್ಧ ದುಡ್ಡು ಹೋಗಿರುತ್ತಿತ್ತು. ಇವತ್ತು ಮಗಳ ಮುಖ ನೋಡಿಕೊಂಡು ಅರ್ಧ ಗಂಟೆ ಮಾತಾಡುತ್ತೇನೆ. ಈ ದೇಶದಲ್ಲಿ ವಾಟ್ಸಾಪಿನಲ್ಲಿ ಮೆಸೇಜ್ ಹೋಗುತ್ತದೆ, ಕಾಲ್ ಹೋಗುವುದಿಲ್ಲ. ಅದಕ್ಕೆ ಬೋಟಿಮ್ ತರಹದ ಆ್ಯಪ್ ಬೇಕು. ಅದೂ ಇರಲಿ. ಸಂಬಳ ಕಳಿಸುವುದು, ವೀಸಾ ಸ್ಥಿತಿ ನೋಡುವುದು, ಬಸ್ಸಿನ ದಾರಿ ಹುಡುಕುವುದು, ಎಲ್ಲಕ್ಕೂ ಫೋನೇ. ಇದನ್ನು ಯಾರೂ ಬಿಡಬೇಕಾಗಿಲ್ಲ.

ಇವತ್ತು ಹೇಳುತ್ತಿರುವುದು, ಇವುಗಳ ಜೊತೆ ಬಂದು ಸೇರಿಕೊಂಡ ಬೇರೆ ಸಾಮಾನಿನ ಬಗ್ಗೆ.

ನಮ್ಮ ಕ್ಯಾಂಪ್ ಸೋನಾಪುರದಲ್ಲಿ. ಬೆಳಿಗ್ಗೆ ಐದಕ್ಕೆ ಬಸ್ಸು. ಸಂಜೆ ಏಳರ ಹೊತ್ತಿಗೆ ವಾಪಸ್ಸು. ರೂಮಿನಲ್ಲಿ ಆರು ಮಂದಿ, ಮೇಲೆ ಮೂರು ಕೆಳಗೆ ಮೂರು ಬಂಕು. ಎಲ್ಲರೂ ಬಂಕಿಗೆ ಲುಂಗಿಯದೋ ಬೆಡ್‌ಶೀಟಿನದೋ ಪರದೆ ಕಟ್ಟಿಕೊಂಡಿದ್ದೇವೆ. ಸ್ನಾನ, ಊಟ ಆದಮೇಲೆ ಆರು ಪರದೆಯ ಹಿಂದೆ ಆರು ನೀಲಿ ಬೆಳಕು. ನಿಮ್ಮ ರೂಮಿನ ಕಥೆಯೂ ಬೇರೆ ಇರಲಿಕ್ಕಿಲ್ಲ. ನಾನು ಮನೆಗೆ ಇಪ್ಪತ್ತೈದು ನಿಮಿಷ ಮಾತಾಡಿ ಮುಗಿಸಿ, "ಸ್ವಲ್ಪ ನೋಡೋಣ" ಅಂತ ಫೇಸ್‌ಬುಕ್ ತೆಗೆಯುತ್ತಿದ್ದೆ. ಆಮೇಲೆ ರೀಲ್ಸು. ಆಮೇಲೆ ಯೂಟ್ಯೂಬ್ ಶಾರ್ಟ್ಸು. ಕಣ್ಣು ಉರಿಯಲು ಶುರುವಾದಾಗ ಗಂಟೆ ನೋಡಿದರೆ ಹನ್ನೆರಡು ದಾಟಿರುತ್ತಿತ್ತು. ನಾಲ್ಕಕ್ಕೆ ಎದ್ದರೆ ಮಾತ್ರ ಬಾತ್‌ರೂಮು ಸಿಗುವುದು.

ಒಂದು ದಿನ ಮಗಳು ವಿಡಿಯೋ ಕಾಲಿನಲ್ಲಿ ತಾನು ಬರೆದ ನವಿಲಿನ ಚಿತ್ರ ತೋರಿಸುತ್ತಿದ್ದಳು. ನಾನು "ಚಲೋ ಐತಿ, ಚಲೋ ಐತಿ" ಅನ್ನುತ್ತಿದ್ದೆ. ಅವಳು ಚಿತ್ರ ಕೆಳಗಿಟ್ಟು, "ಅಪ್ಪಾ, ನೀ ನನ್ನ ನೋಡವಲ್ಲಿ" ಅಂದಳು. ನಿಜ. ಸ್ಕ್ರೀನಿನ ಮೇಲ್ತುದಿಯಲ್ಲಿ ಬಂದು ಹೋಗುವ ನೋಟಿಫಿಕೇಶನ್ ಓದುತ್ತಿದ್ದೆ. ಏಳು ವರ್ಷದ ಹುಡುಗಿ ಎರಡೂವರೆ ಸಾವಿರ ಕಿಲೋಮೀಟರ್ ದೂರದಿಂದ ನನ್ನ ಕಣ್ಣು ಎಲ್ಲಿದೆ ಅಂತ ಹಿಡಿದಿದ್ದಳು. ಬೇಜಾರಾಯಿತು. ಆದರೂ ಮರುದಿನ ಮತ್ತೆ ಅದೇ.

ನಾನು ನಿಜವಾಗಿ ಎಚ್ಚೆತ್ತದ್ದು ಸೈಟಿನಲ್ಲಿ. ಆ ವಿಷಯ ಇಲ್ಲಿಯವರೆಗೆ ಇಷ್ಟು ಜನರ ಮುಂದೆ ಹೇಳಿಲ್ಲ.

ಒಂದು ಆಫೀಸ್ ಕಟ್ಟಡದ ಒಳಗಿನ ಕೆಲಸ. ಫಾಲ್ಸ್ ಸೀಲಿಂಗಿನ ಮೇಲೆ ಸಾಕೆಟ್ ಲೈನಿನ ಒಂದು ಜಂಕ್ಷನ್ ಬಾಕ್ಸ್ ಬದಲಾಯಿಸಬೇಕಿತ್ತು. ನನ್ನ ಜೊತೆ ನೇಪಾಳದ ಒಬ್ಬ ಹೆಲ್ಪರ್ ಹುಡುಗ, ಇಪ್ಪತ್ತೆರಡು ವರ್ಷ. ನಿಯಮ ಎಲ್ಲರಿಗೂ ಗೊತ್ತಿರುವುದೇ. ಡಿಬಿಯಲ್ಲಿ ಆ ಬ್ರೇಕರ್ ಆಫ್ ಮಾಡಬೇಕು, ಬೀಗ ಹಾಕಬೇಕು, ಟ್ಯಾಗ್ ಕಟ್ಟಬೇಕು, ಬಂದು ಟೆಸ್ಟರ್ ಹಿಡಿದು ಲೈನ್ ಸತ್ತಿದೆ ಅಂತ ನೋಡಬೇಕು. ಆಮೇಲೆ ಮುಟ್ಟಬೇಕು. ನಾನು ಡಿಬಿಯ ಬಾಗಿಲು ತೆಗೆದೆ. ಜೇಬಿನಲ್ಲಿ ಫೋನು ಗುರ್ ಅಂದಿತು. ಹಿಂದಿನ ರಾತ್ರಿ ಒಬ್ಬ ಸಿನಿಮಾ ನಟನ ವಿಚಾರಕ್ಕೆ ಯಾರೋ ಗುರುತಿಲ್ಲದವನ ಜೊತೆ ಕಮೆಂಟಿನಲ್ಲಿ ಜಗಳ ಆಡಿದ್ದೆ. ಅವನು ಉತ್ತರ ಕೊಟ್ಟಿದ್ದ. ಅಲ್ಲೇ ನಿಂತು ನಾನೂ ಬರೆದೆ. ಎರಡು ನಿಮಿಷ ಇರಬಹುದು. ಆಮೇಲೆ ಡಿಬಿ ಬಾಗಿಲು ಮುಚ್ಚಿ, ವಾಪಸ್ ಬಂದು "ಆಫ್ ಆಯ್ತು, ಹತ್ತು" ಅಂದೆ.

ಬ್ರೇಕರ್ ಆಫ್ ಮಾಡಿರಲಿಲ್ಲ. ಮಾಡಿದ್ದೇನೆ ಅಂತಲೇ ನನ್ನ ತಲೆಯಲ್ಲಿತ್ತು.

ಆ ಹುಡುಗ ಏಣಿ ಹತ್ತಿದ. ಒಂದು ಕೈ ಸೀಲಿಂಗಿನ ಲೋಹದ ಚಾನೆಲ್ ಮೇಲೆ, ಇನ್ನೊಂದು ಕೈ ವೈರಿಗೆ. "ಆ" ಅಂತ ಒಂದು ಸದ್ದು ಕೇಳಿತು, ಏಣಿಯಿಂದ ಕೆಳಗೆ ಬಿದ್ದ. ಅವನನ್ನು ಉಳಿಸಿದ್ದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ನಮ್ಮ ಟ್ರೇಡಿನವರಿಗೆ ಗೊತ್ತು. ಹೋದ ಕರೆಂಟು ಪೂರ್ತಿ ವಾಪಸ್ ಬರದೆ ಎಲ್ಲೋ ಭೂಮಿಗೆ ಸೋರುತ್ತಿದೆ ಅಂತಾದರೆ ಅದು ಕ್ಷಣದಲ್ಲಿ ಲೈನು ಕಡಿಯುತ್ತದೆ. ಅದು ಟ್ರಿಪ್ ಆಗದಿದ್ದರೆ 230 ವೋಲ್ಟು ಒಂದು ಕೈಯಿಂದ ಇನ್ನೊಂದು ಕೈಗೆ, ಅಂದರೆ ಎದೆಯ ಮೂಲಕ. ಹುಡುಗನ ಮಣಿಕಟ್ಟು ಮುರಿದಿತ್ತು, ಅಷ್ಟೇ. ಅಷ್ಟೇ ಅನ್ನುವುದಕ್ಕೂ ನನಗೆ ಈಗ ನಾಚಿಕೆ ಆಗುತ್ತದೆ. ಆರು ವಾರ ಅವನು ಎಡಗೈಯಲ್ಲಿ ಅನ್ನ ತಿಂದ.

ಸೇಫ್ಟಿ ಆಫೀಸರ್ ಬಂದು "ಟ್ಯಾಗ್ ಎಲ್ಲಿ?" ಅಂತ ಕೇಳಿದರು. ನಾನು "ಮರೆತೆ" ಅಂದೆ. ರಿಪೋರ್ಟಿನಲ್ಲೂ ಹಾಗೇ ಬರೆದೆ. ವಾರ್ನಿಂಗ್ ಲೆಟರ್ ಬಂತು, ಮೂರು ದಿನದ ಸಂಬಳ ಹೋಯಿತು. ಫೋನಿನ ವಿಷಯ ಬರೆಯಲಿಲ್ಲ. ಬರೆದಿದ್ದರೆ ಟಿಕೆಟ್ ಕೈಗೆ ಕೊಟ್ಟು ಊರಿಗೆ ಕಳಿಸುತ್ತಿದ್ದರು ಅಂತ ಭಯ. ಒಂದು ತಿಂಗಳು ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೆ. ಆಮೇಲೆ ಒಂದು ಭಾನುವಾರ ಆ ಹುಡುಗನ ರೂಮಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ಸುಮಾರು ಹೊತ್ತು ಮಾತಾಡಲಿಲ್ಲ. ಕೊನೆಗೆ ಒಂದೇ ಮಾತು ಕೇಳಿದ: "ಭಾಯ್, ಅಷ್ಟು ಅರ್ಜೆಂಟಾಗಿ ಏನು ಬರೆದಿರಿ?" ನನಗೆ ಆ ಕಮೆಂಟಿನಲ್ಲಿ ಏನು ಬರೆದಿದ್ದೆ ಅಂತಲೇ ನೆನಪಿರಲಿಲ್ಲ.

ಆ ರಾತ್ರಿ ಫೋನಿನ ಸೆಟ್ಟಿಂಗಿಗೆ ಹೋಗಿ ಲೆಕ್ಕ ನೋಡಿದೆ. ಆಂಡ್ರಾಯ್ಡಿನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಅಂತ ಇರುತ್ತದೆ, ಐಫೋನಿನಲ್ಲಿ ಸ್ಕ್ರೀನ್ ಟೈಮ್ ಅಂತ. ಎರಡೂ 2018ರಿಂದ ಇವೆ, ನಾನು ಒಂದು ಸಲವೂ ತೆಗೆದು ನೋಡಿರಲಿಲ್ಲ. ದಿನಕ್ಕೆ ಸರಾಸರಿ 4 ಗಂಟೆ 40 ನಿಮಿಷ. ಅದರಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಸೇರಿ 3 ಗಂಟೆ 25 ನಿಮಿಷ. ಪೆನ್ನು ತಗೊಂಡು ಗುಣಿಸಿದೆ. ವರ್ಷಕ್ಕೆ ಸುಮಾರು 1,247 ಗಂಟೆ. ಎಂಟು ಗಂಟೆಗೆ ಒಂದು ಡ್ಯೂಟಿ ಅಂತ ಹಿಡಿದರೆ ಸುಮಾರು 156 ಡ್ಯೂಟಿ. ತಿಂಗಳಿಗೆ 26 ಡ್ಯೂಟಿಯಂತೆ ಆರು ತಿಂಗಳು! ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ರಜೆ ಸಿಗಲಿಲ್ಲ ಅಂತ ಕಂಪನಿಯ ಜೊತೆ ವಾದ ಮಾಡುವ ನಾನು, ವರ್ಷಕ್ಕೆ ಆರು ತಿಂಗಳ ಡ್ಯೂಟಿ ಪುಕ್ಕಟೆ ಕೊಟ್ಟಿದ್ದೆ.

ಪುಕ್ಕಟೆ ಡ್ಯೂಟಿ ಅಂತ ಸುಮ್ಮನೆ ಹೇಳುತ್ತಿಲ್ಲ. ಈ ಕಂಪನಿಗಳ ಆದಾಯದ ಬಹುಪಾಲು ಜಾಹೀರಾತಿನಿಂದ ಬರುತ್ತದೆ. ನಾವು ಎಷ್ಟು ಹೊತ್ತು ನೋಡುತ್ತೇವೋ ಅಷ್ಟು ಜಾಹೀರಾತು ತೋರಿಸಬಹುದು. ಇಲ್ಲಿನ ಕಾರ್ಮಿಕ ಕಾನೂನಿನಲ್ಲಿ ಓವರ್‌ಟೈಮಿಗೆ ಮೂಲ ವೇತನದ ಲೆಕ್ಕದ ಮೇಲೆ ಶೇ 25 ಹೆಚ್ಚು, ರಾತ್ರಿ 10ರಿಂದ ಬೆಳಗಿನ ಜಾವ 4ರ ಒಳಗಾದರೆ ಶೇ 50 ಹೆಚ್ಚು ಅಂತ ಇದೆ. ರಾತ್ರಿ ಹತ್ತರಿಂದ ಹನ್ನೆರಡರವರೆಗೆ ನಾನು ಬಂಕಿನಲ್ಲಿ ಮಲಗಿ ಮಾಡುತ್ತಿದ್ದ ಡ್ಯೂಟಿಗೆ ಒಂದು ಫಿಲ್ಸೂ ಬರಲಿಲ್ಲ. ಡೇಟಾ ಪ್ಯಾಕಿನ ದುಡ್ಡು ನಾನೇ ಕೊಟ್ಟೆ.

ಬಿಡಲಿಕ್ಕೆ ಯಾಕೆ ಆಗುವುದಿಲ್ಲ ಅಂತಲೂ ಓದಿ ತಿಳಿದುಕೊಂಡೆ. ಮಿಷಿನ್ ರಿಪೇರಿ ಮಾಡಬೇಕಂದರೆ ಅದು ಹೇಗೆ ಓಡುತ್ತದೆ ಅಂತ ಗೊತ್ತಿರಬೇಕಲ್ಲ. ಮೊದಲೆಲ್ಲ ಇಂಟರ್‌ನೆಟ್ಟಿನಲ್ಲಿ ಒಂದು ಪುಟ ಮುಗಿಯುತ್ತಿತ್ತು, ಮುಂದಿನ ಪುಟಕ್ಕೆ ಬಟನ್ ಒತ್ತಬೇಕಿತ್ತು. ಆ ಜಾಗದಲ್ಲಿ ಮನುಷ್ಯ "ಸಾಕು" ಅಂತ ಏಳಬಹುದಿತ್ತು. 2006ರಲ್ಲಿ ಅಜಾ ರಾಸ್ಕಿನ್ ಅನ್ನುವ ವಿನ್ಯಾಸಕಾರ ಕೊನೆಯೇ ಇಲ್ಲದೆ ಉರುಳುವ ಪುಟ ಮಾಡಿದರು. ಮುಂದೆ ಅವರೇ ಅದಕ್ಕೆ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. 2009ರಲ್ಲಿ ಫೇಸ್‌ಬುಕ್ಕಿಗೆ ಲೈಕ್ ಬಟನ್ ಬಂತು. ಅದಕ್ಕೂ ಎಷ್ಟೋ ವರ್ಷ ಹಿಂದೆ ಅಮೆರಿಕದ ಮನಃಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ಒಂದು ವಿಷಯ ತೋರಿಸಿದ್ದರು. ಒತ್ತಿದಾಗಲೆಲ್ಲ ಕಾಳು ಬಂದರೆ ಪಾರಿವಾಳ ಹಸಿವಾದಾಗ ಮಾತ್ರ ಒತ್ತುತ್ತದೆ. ಯಾವಾಗ ಬರುತ್ತದೋ ಗೊತ್ತಿಲ್ಲ, ಒಮ್ಮೆ ಬರುತ್ತದೆ ಒಮ್ಮೆ ಇಲ್ಲ ಅಂದರೆ, ಬಿಡದೆ ಕುಟ್ಟುತ್ತಲೇ ಇರುತ್ತದೆ. ಹತ್ತು ರೀಲ್ಸಿನಲ್ಲಿ ಒಂಬತ್ತು ಕಸ, ಒಂದು ಚಂದ. ಆ ಒಂದಕ್ಕಾಗಿ ನನ್ನ ಹೆಬ್ಬೆರಳು ಕುಟ್ಟುತ್ತಿತ್ತು. ಫೇಸ್‌ಬುಕ್ಕಿನ ಮೊದಲ ಅಧ್ಯಕ್ಷ ಶಾನ್ ಪಾರ್ಕರ್ 2017ರಲ್ಲಿ ಬಾಯಿಬಿಟ್ಟು ಹೇಳಿದರು. ಜನರ ಸಮಯ, ಗಮನ ಎಷ್ಟು ಸಾಧ್ಯವೋ ಅಷ್ಟು ತಿನ್ನುವುದು ಹೇಗೆ ಅನ್ನುವುದೇ ಇದನ್ನು ಕಟ್ಟಿದವರ ಯೋಚನೆಯಾಗಿತ್ತು ಅಂತ. ಆದ್ದರಿಂದ "ನನಗೆ ಮನಸ್ಸು ಗಟ್ಟಿ ಇಲ್ಲ" ಅಂತ ಯಾರೂ ತಮ್ಮನ್ನು ಬೈದುಕೊಳ್ಳಬೇಡಿ. ಆ ಕಡೆ ದೊಡ್ಡ ಮೋಟಾರ್ ಎಳೆಯುತ್ತಿದೆ.

ಈಗ ನಾನು ಏನು ಮಾಡಿದೆ ಅಂತ ಹೇಳುತ್ತೇನೆ. ಮೊದಲನೇ ಸಲ ಸಿಟ್ಟಿನಲ್ಲಿ ಎಲ್ಲ ಆ್ಯಪ್ ಅಳಿಸಿದೆ. ನಾಲ್ಕನೇ ದಿನ ಬ್ರೌಸರಿನಲ್ಲಿ ಫೇಸ್‌ಬುಕ್ ತೆಗೆದೆ. ಐದನೇ ದಿನ ಆ್ಯಪ್ ವಾಪಸ್ ಬಂತು.

ಎರಡನೇ ಸಲ ನನ್ನ ಕೆಲಸದ ಪದ್ಧತಿಯಲ್ಲೇ ಮಾಡಿದೆ. ಯಾವ ಡಿಬಿ ತೆಗೆದರೂ ಬಾಗಿಲಿನ ಒಳಗಡೆ ಒಂದು ಚಾರ್ಟ್ ಇರುತ್ತದೆ. 1ನೇ ಬ್ರೇಕರ್ ಹಾಲಿನ ಲೈಟು, 2 ಅಡುಗೆಮನೆ ಸಾಕೆಟ್ಟು, 3 ಗೀಸರ್ ಹೀಗೆ. ಏನೂ ಕೊಡದ ಬ್ರೇಕರಿನ ಮುಂದೆ "ಸ್ಪೇರ್" ಅಂತ ಬರೆದು ಆಫ್ ಮಾಡಿಡುತ್ತೇವೆ. ಒಂದು ಹಾಳೆಯಲ್ಲಿ ನನ್ನ ಫೋನಿನ ಆ್ಯಪ್ ಎಲ್ಲ ಬರೆದೆ. ಪ್ರತಿಯೊಂದರ ಮುಂದೆ ಅದು ಯಾವುದಕ್ಕೆ ಅಂತ ಒಂದೇ ಸಾಲು. ಬೋಟಿಮ್: ಮನೆ. ಬ್ಯಾಂಕ್: ಸಂಬಳ. ವಾಟ್ಸಾಪ್: ಮನೆ, ಸೈಟು. ನಕ್ಷೆ: ದಾರಿ. ಯೂಟ್ಯೂಬ್: ಕೆಲಸ ಕಲಿಯಲು. ಫೇಸ್‌ಬುಕ್ ಮುಂದೆ ಪೆನ್ನು ಹಿಡಿದು ಕೂತೆ. "ಗೆಳೆಯರು" ಅಂತ ಬರೆದೆ, ಹೊಡೆದು ಹಾಕಿದೆ. 1,100 ಜನರಲ್ಲಿ ಆ ವರ್ಷ ನಾನು ಬಾಯಿಬಿಟ್ಟು ಮಾತಾಡಿದ್ದು ಒಂಬತ್ತು ಜನರ ಜೊತೆ. ಆ ಒಂಬತ್ತು ಜನರ ನಂಬರು ನನ್ನ ಹತ್ತಿರ ಇತ್ತು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡರ ಮುಂದೆಯೂ "ಸ್ಪೇರ್" ಅಂತ ಬರೆದೆ.

ಮಾಡುವವರಿಗೆ ಅನುಕೂಲ ಆಗಲಿ ಅಂತ ಕ್ರಮ ಹೇಳುತ್ತೇನೆ. ಮೊದಲು ನಿಮ್ಮ ಫೋಟೋಗಳನ್ನು ಇಳಿಸಿಕೊಳ್ಳಿ. ಬೇಕಾದವರಿಗೆ ನಂಬರು ಕೊಡಿ. ಆಮೇಲೆ ಖಾತೆ ಅಳಿಸಿ. ಫೇಸ್‌ಬುಕ್ಕಿನಲ್ಲಿ ಅಳಿಸಲು ಹೇಳಿದ ಮೇಲೆ 30 ದಿನದ ಒಳಗೆ ಮನಸ್ಸು ಬದಲಾಯಿಸಿ ಲಾಗಿನ್ ಆದರೆ ಖಾತೆ ಉಳಿದುಬಿಡುತ್ತದೆ, ಆ 30 ದಿನವೇ ಕಷ್ಟ. ಯೂಟ್ಯೂಬಿನಲ್ಲಿ ವಾಚ್ ಹಿಸ್ಟರಿ ಅಳಿಸಿ ಆಫ್ ಮಾಡಿದರೆ ಮೊದಲ ಪುಟದಲ್ಲಿ ವಿಡಿಯೋಗಳ ರಾಶಿ ಬರುವುದಿಲ್ಲ. ನಮಗೆ ಬೇಕಾದದ್ದನ್ನು ನಾವೇ ಹುಡುಕಿ ನೋಡಬೇಕು. ವಾಟ್ಸಾಪಿನಲ್ಲಿ 43 ಗುಂಪು ಇದ್ದವು, 31 ಬಿಟ್ಟೆ. ಕಾಲ್ ಒಂದು ಬಿಟ್ಟು ಉಳಿದ ಎಲ್ಲದರ ನೋಟಿಫಿಕೇಶನ್ ಬಂದ್ ಮಾಡಿದೆ. ಹದಿನೈದು ದಿರ್ಹಮಿಗೆ ಒಂದು ಅಲಾರಂ ಗಡಿಯಾರ ತಂದೆ, ಯಾಕಂದರೆ "ಅಲಾರಂಗೆ ಬೇಕು" ಅನ್ನುವ ನೆಪದಲ್ಲೇ ಫೋನು ತಲೆದಿಂಬಿನ ಕೆಳಗೆ ಬರುತ್ತಿತ್ತು. ಈಗ ಫೋನು ಬಾಗಿಲ ಹತ್ತಿರದ ಕಪಾಟಿನಲ್ಲಿ ಮಲಗುತ್ತದೆ. ಸೈಟಿನಲ್ಲಿ ಟೂಲ್ ಬಾಕ್ಸಿನಲ್ಲಿ ಇರುತ್ತದೆ. ಮನೆಯವರಿಗೆ ಫೋರ್‌ಮನ್ ನಂಬರು ಕೊಟ್ಟಿದ್ದೇನೆ, ಏನಾದರೂ ತುರ್ತು ಇದ್ದರೆ ಅವರಿಗೆ ಮಾಡುತ್ತಾರೆ. ಇಲ್ಲಿಯವರೆಗೆ ಒಂದೇ ಸಲ ಮಾಡಿದ್ದಾರೆ.

ಇದನ್ನೆಲ್ಲ ಕೇಳಿ ಸುಲಭ ಅಂದುಕೊಳ್ಳಬೇಡಿ. ಮೊದಲ ಎರಡು ವಾರ ಹುಚ್ಚು ಹಿಡಿದ ಹಾಗಿತ್ತು. ಕೈ ತಾನಾಗಿಯೇ ಜೇಬಿಗೆ ಹೋಗುತ್ತಿತ್ತು. ರಾತ್ರಿ ಪರದೆ ಎಳೆದುಕೊಂಡರೆ ಮನೆಯ ನೆನಪು ಮೈಮೇಲೆ ಬರುತ್ತಿತ್ತು. ಅಪ್ಪನ ಮೊಣಕಾಲು ನೋವು, ಮಗಳ ಶಾಲೆ, ಮಾಡಿದ ಸಾಲ, ಇನ್ನೆಷ್ಟು ವರ್ಷ ಇಲ್ಲಿ ಅನ್ನುವುದು, ಎಲ್ಲ. ಇಷ್ಟು ವರ್ಷ ರೀಲ್ಸು ನೋಡಿದ್ದೇ ಇವೆಲ್ಲ ನೆನಪಾಗಬಾರದು ಅಂತ ಇರಬೇಕು. ಒಂದು ರಾತ್ರಿ ತಡೆಯಲಾರದೆ ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ಅಲ್ಲಿ ನನ್ನ ಮೇಲಿನ ಬಂಕಿನವನು ಕೂತಿದ್ದ. ಕಲಬುರಗಿ ಕಡೆಯವನು, ಪ್ಲಂಬರ್. ಎರಡು ವರ್ಷದಿಂದ ನನ್ನ ತಲೆಯ ಮೇಲೆ ಮಲಗುವವನು. "ಏನಪಾ, ನಿದ್ದಿ ಬರವಲ್ದೇನು?" ಅಂದೆ. "ಅಪ್ಪ ತೀರಿಕೊಂಡ ಮೇಲೆ ಹಿಂಗೇ ಅಣ್ಣಾ" ಅಂದ. ನನಗೆ ಗಾಬರಿ. "ಯಾವಾಗ?" ಅಂದೆ. "ಮೂರು ತಿಂಗಳಾತು. ಗ್ರೂಪಿನ್ಯಾಗ ಹಾಕಿದ್ನಲ್ಲ, ನೀನೂ ಕೈ ಮುಗ್ದಿದ್ದಿ" ಅಂದ.

ಹುಡುಕಿ ನೋಡಿದೆ. ನಿಜವಾಗಿಯೂ ನಾನು ಕೈಮುಗಿದ ಚಿಹ್ನೆ ಹಾಕಿದ್ದೆ. ಯಾರು ಸತ್ತರು, ಯಾರ ತಂದೆ ಅಂತ ಓದದೆ, ಎಲ್ಲರೂ ಹಾಕಿದ್ದಾರೆ ಅಂತ ಹಾಕಿ ಮುಂದೆ ಹೋಗಿದ್ದೆ. ಟಿಕೆಟಿಗೆ ದುಡ್ಡು ಹೊಂದದೆ ಅವನು ಮಣ್ಣಿಗೆ ಹೋಗಲಿಕ್ಕೂ ಆಗಿರಲಿಲ್ಲ. ನಾನು ಅವನಿಂದ ಮೂರಡಿ ಕೆಳಗೆ ಮಲಗಿ ಯಾರೋ ನಾಯಿಗೆ ಸ್ನಾನ ಮಾಡಿಸುವ ವಿಡಿಯೋ ನೋಡುತ್ತಿದ್ದೆ. ಆ ರಾತ್ರಿ ಎರಡು ಗಂಟೆಯವರೆಗೆ ಅವನು ಅವನ ಅಪ್ಪನ ವಿಷಯ ಹೇಳಿದ, ನಾನು ಕೇಳಿದೆ. ಮರುದಿನ ಬಸ್ಸಿನಲ್ಲಿ ತೂಕಡಿಸಿದೆ. ಆದರೆ ಆ ತೂಕಡಿಕೆಗೆ ಬೇಜಾರಾಗಲಿಲ್ಲ.

ಈಗ ಒಂದೂವರೆ ವರ್ಷ ಆಯಿತು. ಸಿಕ್ಕಿದ್ದು ಏನು ಅಂತ ಕೇಳಿದರೆ, ಮೊದಲನೆಯದು ನಿದ್ದೆ. ಎರಡನೆಯದು, ರೂಮಿನಲ್ಲಿ ಒಂದು ಕೇರಂ ಬೋರ್ಡು. ಮೂರನೆಯದು, ಇಂಗ್ಲಿಷಿನಲ್ಲಿ ಡ್ರಾಯಿಂಗ್ ಓದಲು ಕಲಿತೆ, ಈಗ ಚಾರ್ಜ್‌ಹ್ಯಾಂಡ್ ಆಗಿದ್ದೇನೆ. ಕಳೆದುಕೊಂಡದ್ದೂ ಇದೆ. ಐಟಿಐ ಗೆಳೆಯನೊಬ್ಬನ ಮದುವೆ ನನಗೆ ಗೊತ್ತೇ ಆಗಲಿಲ್ಲ. ಕರೆಯೋಲೆ ಫೇಸ್‌ಬುಕ್ಕಿನಲ್ಲಿ ಮಾತ್ರ ಹಾಕಿದ್ದನಂತೆ. ಊರಿನ ಜಾತ್ರೆಯ ತೇರಿನ ವಿಡಿಯೋ ಎಲ್ಲರೂ ನೋಡಿ ಆದಮೇಲೆ ನನಗೆ ಬರುತ್ತದೆ. ಈ ನಷ್ಟ ನನಗೆ ಒಪ್ಪಿಗೆ.

ಕೆಲವರು, "ಕೆಲಸದ ಜಾಹೀರಾತು ಅಲ್ಲೇ ಬರೋದು, ಹೇಗೆ ಬಿಡೋದು?" ಅಂತ ಕೇಳುತ್ತಾರೆ. ಅಲ್ಲಿ ಬರುವ ವೀಸಾ ಜಾಹೀರಾತು ನಂಬಿ ದುಡ್ಡು ಕಳೆದುಕೊಂಡವರು ಈ ಹಾಲಿನಲ್ಲೇ ಇದ್ದಾರೆ. ಊರಿನಿಂದ ಯಾರಾದರೂ ಬರುವುದಿದ್ದರೆ ಏಜೆಂಟನ ಹೆಸರು ಭಾರತ ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಇದೆಯೇ ಅಂತ ನೋಡಲು ಹೇಳಿ. ಇನ್ನೊಂದು ಮಾತು. ಈ ದೇಶದಲ್ಲಿ ಬೇರೆಯವರ ಫೋಟೋ ಅವರನ್ನು ಕೇಳದೆ ಹಾಕುವುದು ಅಪರಾಧ. 2020ರಲ್ಲಿ ಧರ್ಮದ ಬಗ್ಗೆ ಕೆಟ್ಟದಾಗಿ ಬರೆದು ನಮ್ಮ ದೇಶದ ಹಲವರು ಇಲ್ಲಿ ಕೆಲಸ ಕಳೆದುಕೊಂಡರು. ಸಿಟ್ಟಿನಲ್ಲಿ ಒತ್ತಿದ ಒಂದು ಶೇರ್‌ಗೆ ಮನೆಯ ಅನ್ನ ಹೋಗುತ್ತದೆ.

ಎಲ್ಲರೂ ನನ್ನ ಹಾಗೆ ಬಿಡಿ ಅಂತ ನಾನು ಹೇಳುವುದಿಲ್ಲ. ಕೆಲವರಿಗೆ ಅದು ವ್ಯಾಪಾರ, ಕೆಲವರಿಗೆ ಹಾಡು ನಾಟಕದ ವೇದಿಕೆ. ನನ್ನ ಕೋರಿಕೆ ಎರಡೇ. ಇವತ್ತು ರೂಮಿಗೆ ಹೋಗಿ ಒಂದು ಹಾಳೆಯಲ್ಲಿ ಆ ಚಾರ್ಟ್ ಬರೆಯಿರಿ. ಯಾವುದರ ಮುಂದೆ ಏನೂ ಬರೆಯಲಿಕ್ಕೆ ತೋಚುವುದಿಲ್ಲವೋ ಅದನ್ನು ಒಂದು ವಾರ ಆಫ್ ಮಾಡಿ ನೋಡಿ. ಎರಡನೆಯದು ನಮ್ಮ ಬಳಗದವರಿಗೆ. ಬಳಗದ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ಐವತ್ತು ಶುಭೋದಯ, ರಾತ್ರಿ ಐವತ್ತು ಶುಭರಾತ್ರಿ ಬರುತ್ತವೆ. ಅವುಗಳ ನಡುವೆ ಯಾರಿಗೋ ರಕ್ತ ಬೇಕು ಅನ್ನುವ ಮೆಸೇಜ್ ಮುಚ್ಚಿಹೋಗುತ್ತದೆ. ಅದನ್ನು ಸೂಚನೆಗಳಿಗೆ ಮಾತ್ರ ಇಡಿ. ಯಾರ ಮನೆಯಲ್ಲಾದರೂ ಸಾವಾದರೆ ಕೈಮುಗಿದ ಚಿಹ್ನೆ ಹಾಕಿ ಸುಮ್ಮನಾಗಬೇಡಿ, ಹತ್ತಿರದ ಕ್ಯಾಂಪಿನವರು ಒಬ್ಬರಾದರೂ ಅವರ ರೂಮಿಗೆ ಹೋಗಿ ಬರೋಣ. ಈ ವ್ಯವಸ್ಥೆ ಮಾಡುವುದಾದರೆ ಸೋನಾಪುರದ ಕಡೆ ಹೋಗಲು ನಾನು ಸಿದ್ಧ, ಆ ಪ್ಲಂಬರ್ ತಮ್ಮನೂ ಸಿದ್ಧ.

ನನ್ನ ಹೆಲ್ಪರ್ ಹುಡುಗನ ಕೈ ಕೂಡಿದೆ. ಈಗ ಬೇರೆ ಸೈಟಿನಲ್ಲಿ ಅವನೇ ಎಲೆಕ್ಟ್ರಿಷಿಯನ್. ಹೋದ ತಿಂಗಳು ಸಿಕ್ಕಿದ್ದ. ಹೊಸ ಹುಡುಗರಿಗೆ ನೀನು ಏನು ಕಲಿಸ್ತೀಯ ಅಂತ ಕೇಳಿದೆ. "ಸೀನಿಯರ್ ಆಫ್ ಅಂದರೂ ಟೆಸ್ಟರ್ ಹಿಡಿದು ನೋಡಿ ಅಂತ ಕಲಿಸ್ತೀನಿ" ಅಂದು ನಕ್ಕ. ನಾನೂ ನಕ್ಕೆ. ಒಳಗೆ ಚುಚ್ಚಿತು. ಚುಚ್ಚಲಿ.

ಈಗ ಏಳು ಗಂಟೆ ಆಗುತ್ತಾ ಬಂತು. ಊರಲ್ಲಿ ಎಂಟೂವರೆ. ಮಗಳು ಕಾಯುತ್ತಿರುತ್ತಾಳೆ. ಈ ಸಲ ಆನೆ ಬರೆದಿದ್ದಾಳಂತೆ, ಹೋಗಿ ನೋಡಬೇಕು.